ವಿಶಾಖಪಟ್ಟಣದಿಂದ ಬಂದ ಹಳದಿ ಕಾರು

ಮೊದಲೇ ಹೇಳಿಬಿಡುತ್ತೇನೆ, ಆ ಕಾರು ಬೇಡವೇ ಬೇಡ ಎಂದವಳು ನಾನು. ಎರಡೇ ಬಾಗಿಲು, ಎರಡೇ ಸೀಟು, ಮೂಗು ನೆಲಕ್ಕೆ ತಾಗಿಸಿಕೊಂಡು ಕೂತ ಇಟಲಿಯ ಕಾರು. ನಮ್ಮ ಮನೆ ಹೊಸಪೇಟೆಯಲ್ಲಿ, ಅಕ್ಕಿ ಗಿರಣಿ ಕಂಪ್ಲಿಯಲ್ಲಿ. ನಡುವಿನ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರು, ಕಬ್ಬಿನ ಲಾರಿ, ಎಮ್ಮೆ, ಗುಂಡಿ, ಏನು ಬೇಕಾದರೂ ಸಿಗುತ್ತದೆ. ಅಲ್ಲಿ ಇಂಥ ಕಾರು ಓಡಿಸುತ್ತೇನೆ ಅಂತ ಐವತ್ತು ದಾಟಿದ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಗಂಡಸು ಹೇಳಿದರೆ ಯಾವ ಹೆಂಡತಿ ಕುಣಿದಾಡುತ್ತಾಳೆ?

"ಅದರಾಗ ಕುಂದ್ರಾಕ ನಿಮಗ ಬರ್ತೈತೇನ್ರಿ? ಕುಂತ್ರೂ ಎಬ್ಬಸಾಕ ಇಬ್ರು ಆಳು ಬೇಕು," ಅಂದೆ.

"ಏಳಾಕ ಬರಲಿಲ್ಲಂದ್ರ ಅದರಾಗ ಇರ್ತೀನಿ. ಊಟ ಅಲ್ಲೇ ತಂದು ಕೊಡು," ಅಂದರು ನಮ್ಮ ಮನೆಯವರು.

ಈ ಹುಚ್ಚು ಅವರಿಗೆ ಹಿಡಿದದ್ದು ಇಂದು ನಿನ್ನೆಯದಲ್ಲ. ನಮ್ಮ ಮದುವೆಯಾದ ಹೊಸತರಲ್ಲಿ ಅವರು ಸಂಡೂರಿನ ಗಣಿಗಳಿಗೆ ಲಾರಿ ಬಿಟ್ಟಿದ್ದರು. ಮನೆಗೆ ಬರುವಾಗ ಕಣ್ಣಿನ ರೆಪ್ಪೆಯ ಮೇಲೂ ಕೆಂಪು ಮಣ್ಣು, ಸ್ನಾನ ಮಾಡಿ ಮೈ ಒರೆಸಿಕೊಂಡರೆ ಟವೆಲಿಗೂ ಕೆಂಪು. ಗಣಿಯ ದುಡ್ಡು ಕಂಡವರು ಆಗ ವಿದೇಶಿ ಕಾರು ತರಿಸಿ ಅದೇ ಧೂಳಿನ ರಸ್ತೆಯಲ್ಲಿ ಲಾರಿ ಸಾಲನ್ನು ದಾಟಿ ಹೋಗುತ್ತಿದ್ದರಂತೆ. ಒಂದು ದಿನ ಅಂಥದೊಂದು ಹಳದಿ ಕಾರು ಇವರ ಲಾರಿಯ ಪಕ್ಕದಲ್ಲೇ ನಿಂತಿತು. ಇವರು ಕ್ಯಾಬಿನ್ನಿನಿಂದ ಬಗ್ಗಿ ಅದರ ನೆತ್ತಿ ನೋಡಿದರು. ಮುಂದೆ ಗಣಿ ನಿಂತಿತು, ಲಾರಿ ಮಾರಿದೆವು, ಗಿರಣಿ ಕೈಹಿಡಿಯಿತು. ಆದರೆ ಆ ಹಳದಿ ನೆತ್ತಿ ಇವರ ತಲೆಯಿಂದ ಇಳಿಯಲಿಲ್ಲ. ಊಟಕ್ಕೆ ಕೂತಾಗಲೂ ಫೋನಿನಲ್ಲಿ ಹಳೆಯ ಕಾರು ಮಾರುವವರ ಪಟ್ಟಿಯನ್ನೇ ನೋಡುತ್ತಿದ್ದರು. ಸಾರು ಆರಿ ತಣ್ಣಗಾದರೂ ಖಬರಿಲ್ಲ.

ಹಾಗೆ ಸಿಕ್ಕಿದ್ದು ವಿಶಾಖಪಟ್ಟಣದ ಈ ಕಾರು. ಮಾರುವವರು ನರೆತ ತಲೆಯ ಒಬ್ಬ ಹಿರಿಯರು, ತೆಲುಗಿನವರು. ನನ್ನ ತವರು ಕಂಪ್ಲಿ, ನಮ್ಮ ಓಣಿಯಲ್ಲಿ ಅರ್ಧಕ್ಕರ್ಧ ತೆಲುಗು ಮನೆಗಳು. ಹೀಗಾಗಿ ವಿಡಿಯೋ ಕಾಲಿನಲ್ಲಿ ಮಾತಾಡುವ ಕೆಲಸ ನನ್ನ ತಲೆಗೇ ಬಂತು. ಬೇಡವೆಂದವಳೇ ದಲ್ಲಾಳಿಯಾದೆ, ನನ್ನ ಕರ್ಮ!

ಆ ಮನುಷ್ಯ ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಕಾರಿನ ಸುತ್ತ ಫೋನು ಹಿಡಿದು ತೋರಿಸಿದರು, ಆದರೆ ಮುಟ್ಟಲಿಲ್ಲ. ಸ್ಟಾರ್ಟ್ ಮಾಡಿ ತೋರಿಸಿ ಅಂದಾಗ ಕೀಲಿಯನ್ನೂ ಫೋನನ್ನೂ ವಾಚ್‌ಮನ್ ಕೈಗೆ ಕೊಟ್ಟು ಮನೆಯೊಳಗೆ ಹೋಗಿಬಿಟ್ಟರು. ಅವರ ಬೆನ್ನು ನಮಗೆ ಕಾಣುತ್ತಿತ್ತು. ವಾಚ್‌ಮನ್ ಕೀಲಿ ತಿರುಗಿಸಿದ ಕೂಡಲೇ ಒಳಗಡೆ ಯಾವುದೋ ಬಾಗಿಲು ಹಾಕಿಕೊಂಡಿತು.

"ನೋಡ್ರಿ, ಗಾಡಿಗೆ ಏನೋ ಐಬು ಐತಿ. ಮಾಲೀಕನೇ ಹತ್ರ ನಿಲ್ಲಾಕ ಒಲ್ಲ. ರೊಕ್ಕದ ಮಾತಿಗೂ ಒಂದು ಚೌಕಾಶಿ ಇಲ್ಲ. ಜಲ್ದಿ ತಗೊಂಡು ಹೋಗ್ರಿ ಅಂತಾನ. ಮೋಸಗಾರ ಇದ್ದಾನು," ಅಂತ ನಾನು ಗಂಟು ಮುಖ ಹಾಕಿದೆ.

ಇವರು ಅಲ್ಲಿಯ ಮೆಕ್ಯಾನಿಕ್ ಒಬ್ಬನನ್ನು ಕಳಿಸಿ ನೋಡಿಸಿದರು. ಇಂಜಿನ್ನು ಗಟ್ಟಿ, ಬಾಡಿ ಗಟ್ಟಿ, ಕಾಗದ ಪತ್ರ ಎಲ್ಲ ಸರಿ. ಸೈಲೆನ್ಸರ್ ಮಾತ್ರ ಕಂಪನಿಯದಲ್ಲ, ಓಡಿಸುತ್ತಿದ್ದ ಹುಡುಗ ಎಲ್ಲಿಂದಲೋ ಬೇರೆ ತರಿಸಿ ತನಗೆ ಬೇಕಾದ ಹಾಗೆ ಕೂಡಿಸಿಕೊಂಡಿದ್ದಾನೆ, ಸ್ವಲ್ಪ ಕೆಳಗೆ ಜೋತಿದೆ, ಅಷ್ಟೇ ಅಂದ. ಇಷ್ಟಾದ ಮೇಲೆ ನನ್ನ ಮಾತು ಯಾರು ಕೇಳಬೇಕು?

ಕಾರು ಮುಚ್ಚಿದ ಲಾರಿಯಲ್ಲಿ ಬಂತು. ಓಣಿಗೆ ಓಣಿಯೇ ನೆರೆಯಿತು. ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟೆವು, ಕಾಯಿ ಒಡೆದೆವು. ನಾನೂ ಕುಂಕುಮ ಹಚ್ಚಿದೆ, ಮುಖ ಊದಿಸಿಕೊಂಡೇ. ಇವರು ಸೀಟಿಗೆ ಇಳಿದರು ಅನ್ನುವುದಕ್ಕಿಂತ ಬಾವಿಗೆ ಇಳಿದರು ಅನ್ನಬೇಕು. ಕೀಲಿ ತಿರುಗಿಸಿದಾಗ ಬಂದ ಸದ್ದು ಮಾತ್ರ, ಸುಳ್ಳೇಕೆ ಹೇಳಲಿ, ನನಗೂ ಮೈ ಜುಮ್ಮೆಂದಿತು. ಗಡಸು ಗಂಟಲಿನ ಹುಡುಗ ನಕ್ಕ ಹಾಗೆ ಗುಡುಗುಡು. ಆರಿಸುವಾಗ ಕೊನೆಗೆ ಎರಡು ಸಲ ಪಟ್ ಪಟ್. ಬಾಗಿಲು ಹಾಕಿದರೆ ಹಳೇ ಕಾಲದ ತಿಜೋರಿ ಮುಚ್ಚಿದ ಹಾಗೆ ಧಪ್ ಅಂತ ಕೂರುತ್ತಿತ್ತು. ಓಣಿಯ ಮಕ್ಕಳು ಒಬ್ಬರಾದ ಮೇಲೊಬ್ಬರು ಆ ಬಾಗಿಲು ಹಾಕಿ ನೋಡಿದರು, ನಾನು ಬೈದು ಓಡಿಸಿದೆ.

ಆ ವಾರವೇ ಒಂದು ಮಧ್ಯಾಹ್ನ ನನಗೊಂದು ಫೋನು ಬಂತು. ಹೆಂಗಸಿನ ದನಿ, ತೆಲುಗು.

"ಕಾರು ಕ್ಷೇಮವಾಗಿ ಬಂತಾ ಅಮ್ಮಾ?"

ಮಾರಿದವರ ಹೆಂಡತಿ. ಗಂಡನ ಫೋನಿನಿಂದ ನನ್ನ ನಂಬರು ಕದ್ದು ಬರೆದುಕೊಂಡಿದ್ದಳಂತೆ. ಬಂತು ಅಕ್ಕಾ ಅಂದೆ. ನೆರಳಿನಲ್ಲಿ ನಿಲ್ಲಿಸಿದ್ದೀರಾ ಅಂದಳು. ಹೌದು ಅಂದೆ. ಆದರೂ ಫೋನು ಇಡಲಿಲ್ಲ. ಏನೋ ವಸ್ತು ಕಾರಿನಲ್ಲಿ ಮರೆತಿರಬೇಕು, ಕೇಳಲು ನಾಚುತ್ತಿದ್ದಾಳೆ ಅಂದುಕೊಂಡು, "ಏನಾದರೂ ಉಳಿದಿದೆಯಾ ಅಕ್ಕಾ? ಕಳಿಸಿಕೊಡುತ್ತೇನೆ," ಅಂದೆ.

"ಉಳಿದಿದೆ. ಆದರೆ ಕಳಿಸಲು ಬರುವಂಥದ್ದಲ್ಲ," ಅಂದಳು.

ಆಮೇಲೆ ನಿಧಾನವಾಗಿ ಹೇಳಿದಳು. ಕಾರು ಅವಳ ಮಗನದು. ಒಬ್ಬನೇ ಮಗ. ಬಂದರಿನಲ್ಲಿ ಕೆಲಸ, ಹಡಗುಗಳಿಗೆ ಸಾಮಾನು ಒದಗಿಸುವುದು. ಯಾವುದೋ ಜ್ವರ ಬಂತು, ಆಸ್ಪತ್ರೆಗೆ ನಡೆದುಕೊಂಡೇ ಹೋದ, ತಿರುಗಿ ಬರಲಿಲ್ಲ. ಭಾನುವಾರ ಬಂದರೆ ಬೆಳಕು ಹರಿಯುತ್ತಲೇ ಗೆಳೆಯರ ಜೊತೆ ಸಮುದ್ರದ ದಂಡೆಯ ರಸ್ತೆಯಲ್ಲಿ ಕಾರು ಓಡಿಸಿಕೊಂಡು ತಿಂಡಿಯ ಹೊತ್ತಿಗೆ ಮನೆಗೆ ಬರುತ್ತಿದ್ದನಂತೆ. ಬೀದಿಯ ತಿರುವಿನಲ್ಲಿ ಸದ್ದು ಕೇಳಿದ ಕೂಡಲೇ ಇವಳ ಕಿವಿ ನಿಮಿರುತ್ತಿತ್ತು. ಅವನು ಮನೆ ಮುಂದೆ ಇಳಿದ ಕೂಡಲೇ "ವಚ್ಚಾಡು" ಅಂತ ಗಂಡನಿಗೆ ಕೂಗಿ ಹೇಳಿ ಒಲೆ ಹಚ್ಚುತ್ತಿದ್ದಳು. ವಚ್ಚಾಡು ಅಂದರೆ ಬಂದ ಅಂತ. ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಹೆಂಚಿನಿಂದ ಎತ್ತಿ ನೇರ ತಟ್ಟೆಗೆ ಬೀಳಬೇಕು ಅವನಿಗೆ, ಒಂಚೂರು ಆರಿದರೂ ಮುಟ್ಟುತ್ತಿರಲಿಲ್ಲ.

"ಅವನು ಹೋದ ಮೇಲೂ ವಾಚ್‌ಮನ್ ವಾರಕ್ಕೊಮ್ಮೆ ಸ್ಟಾರ್ಟ್ ಮಾಡುತ್ತಿದ್ದ, ಬ್ಯಾಟರಿ ಹೋಗಬಾರದು ಅಂತ. ನಾನು ಅಡುಗೆಮನೆಯಲ್ಲಿ ನಿಂತು ಕೇಳುತ್ತಿದ್ದೆ. ನಮ್ಮವರಿಗೆ ತಡೆಯಲಿಲ್ಲ, ಮಾರಿಬಿಟ್ಟರು. ಒಂದೇ ಒಂದು ಸಲ ಕೇಳಿಸು ತಲ್ಲಿ," ಅಂದಳು.

ಮೋಸಗಾರ ಅಂದಿದ್ದೆನಲ್ಲ ಆ ಮನುಷ್ಯನನ್ನು! ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡದ್ದು ಆಗ ನೆನಪಾಯಿತು.

ಇವರು ಗಿರಣಿಯಿಂದ ಬಂದ ಮೇಲೆ ಹೇಳಿದೆ. "ಸತ್ತ ಹುಡುಗನ ಗಾಡಿ ಅಂತ ಓಣ್ಯಾಗ ಯಾರಿಗೂ ಹೇಳಬ್ಯಾಡ," ಅಂದರು. ಮತ್ತೆ ತಾವೇ, "ಒಂದ್ ಸಲ ಯಾಕ? ವಾರ ವಾರ ಕೇಳಸಾಣ. ಪಾಪ," ಅಂದರು.

ಹಾಗೆ ಶುರುವಾಯಿತು ನಮ್ಮ ಭಾನುವಾರ. ತಿಂಡಿಯ ಹೊತ್ತಿಗೆ ಅವಳ ಫೋನು. ಇವರು ಕಾರಿನ ಹೊದಿಕೆ ಸರಿಸಿ, ಸೀಟಿನ ಅಂಚಿಗೆ ಕೂತು, ಒಂದು ಕಾಲು ಹೊರಗೇ ಇಟ್ಟುಕೊಂಡು ಕೀಲಿ ತಿರುಗಿಸುವರು. ಬಾಗಿಲು ಹಾಕಿಕೊಂಡರೆ ಏಳಲು ಒದ್ದಾಟ, ಅದಕ್ಕೆ ತೆರೆದೇ ಇಡುವುದು, ಫೋನು ಇಟ್ಟ ಮೇಲೆಯೇ ಹಾಕುವುದು. ನಾನು ಸೈಲೆನ್ಸರ್ ಹತ್ತಿರ ಕುಕ್ಕರಗಾಲಲ್ಲಿ ಕೂತು ಫೋನು ಹಿಡಿಯುವೆ. ಬಿಸಿ ಗಾಳಿ ಕೈಗೆ ಹೊಡೆಯುತ್ತಿತ್ತು. ಆ ಕಡೆ ಉಸಿರಿನ ಸದ್ದೂ ಇಲ್ಲ. ಆರಿಸಿದ ಮೇಲೆ ಪಟ್ ಪಟ್ ಮುಗಿಯುವವರೆಗೆ ಕಾದು, "ಸಾಕಮ್ಮಾ," ಅನ್ನುವಳು. ಅಳುತ್ತಿರಲಿಲ್ಲ. ಅವಳು ಅತ್ತದ್ದನ್ನು ನಾನು ಕೇಳಿಯೇ ಇರಲಿಲ್ಲ. ಆಮೇಲೆ ಸುಮ್ಮನೆ ಮನೆಮಾತು.

"ಏನು ತಿಂಡಿ ನಿಮ್ಮಲ್ಲಿ?"

"ಮಂಡಕ್ಕಿ ಒಗ್ಗರಣೆ, ಮಿರ್ಚಿ. ನಿಮ್ಮಲ್ಲಿ ಅಕ್ಕಾ?"

"ಬ್ರೆಡ್ಡು. ಇಬ್ಬರಿಗೆ ಯಾಕೆ ಒಲೆ ಹಚ್ಚಬೇಕು? ಹೆಂಚು ಮೇಲಿನ ಅಟ್ಟಕ್ಕೆ ಹಾಕಿಬಿಟ್ಟಿದ್ದೇನೆ."

ಪ್ರತಿ ಸಲವೂ ಬ್ರೆಡ್ಡು. ಒಮ್ಮೆ ನನಗೇ ಸಿಟ್ಟು ಬಂದು, "ಬೆಳಿಗ್ಗೆ ಎದ್ದು ಬ್ರೆಡ್ ತಿನ್ನಲು ನಿಮಗೇನು ಜ್ವರ ಬಂದಿದೆಯಾ?" ಅಂದುಬಿಟ್ಟೆ. ಆಡಿದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅವಳು ನಕ್ಕಳು. ನಗುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ನೀನು ನನ್ನ ಅಕ್ಕನ ಹಾಗೇ ಬೈಯುತ್ತೀಯ ಅಂದಳು.

ಬರಬರುತ್ತ ಭಾನುವಾರ ಅಂದರೆ ನನಗೂ ಏನೋ ತವಕ. ಊರಿಗೆ ಹೋಗುವುದಿದ್ದರೆ ಕಾರಿನ ಕೆಲಸ ಮುಗಿಸಿ ಹೋಗುತ್ತಿದ್ದೆವು. ಮದುವೆ ಮುಂಜಿ ಇದ್ದರೂ ಅಷ್ಟೇ. ನಂಟರು, ಇವರಿಗೆ ಕಾರಿನ ಪೂಜೆಯೇ ದೊಡ್ಡದು ಅಂತ ಮೂಗು ಮುರಿದರು. ಮುರಿಯಲಿ ಬಿಡಿ.

ಒಂದು ಸೋಮವಾರ ಹಂಪಿಗೆ ಹೋಗಿ ವಿರೂಪಾಕ್ಷನಿಗೆ ಕಾರು ತೋರಿಸಿ ಬರೋಣ ಅಂದರು. ಬಂದಾಗಿನಿಂದ ಕಾರಿಗೆ ಗುಡಿಯ ಪೂಜೆ ಆಗಿರಲಿಲ್ಲ. ಕಡ್ಡಿರಾಂಪುರದ ಹತ್ತಿರ ರಸ್ತೆಗೆ ಅಡ್ಡ ಎತ್ತರದ ಹಂಪು ಬಂತು. ಇವರು ಎಂದಿನಂತೆ ಕಾರನ್ನು ಅಡ್ಡಡ್ಡ ತಿರುಗಿಸಿ ಒಂದೊಂದೇ ಗಾಲಿ ಹತ್ತಿಸಿದರು. ಮುಂದಿನದು ದಾಟಿತು. ಹಿಂದೆ ಕರ್ರೆಂದಿತು, ಏನೋ ಮುರಿಯಿತು. ರಸ್ತೆ ಬದಿಯ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೆಲ್ಲ ಎದ್ದು ಬಂದರು. ಸೈಲೆನ್ಸರ್ ಸೀಳಿ ಒಂದು ಕಡೆ ಜೋತು ಬಿದ್ದಿತ್ತು. ತಂತಿ ಕಟ್ಟಿಕೊಂಡು ವಾಪಸು ಬಂದೆವು. ವಿರೂಪಾಕ್ಷನ ದರ್ಶನವೂ ಇಲ್ಲ, ಏನೂ ಇಲ್ಲ.

ಮರಿಯಮ್ಮನಹಳ್ಳಿಯಲ್ಲಿ ಇವರ ಹಳೆಯ ಲಾರಿಗಳನ್ನು ನೋಡಿಕೊಳ್ಳುತ್ತಿದ್ದವನ ಗ್ಯಾರೇಜಿದೆ. ಕಾರನ್ನು ಅಲ್ಲಿಗೆ ಒಯ್ದರು. ಅವನು ಮೇಲೆ ಕೆಳಗೆ ನೋಡಿ, "ಅಣ್ಣಾ, ಈ ಸೈಲೆನ್ಸರ್ ಡಬ್ಬಿ ನಮ್ಮ ರಸ್ತೆಗೆ ಆಗಂಗಿಲ್ರಿ. ಗಾಡಿ ಸ್ವಲ್ಪ ಎತ್ತಿ, ಡಬ್ಬಿ ಹೊಸಾದು ಮಾಡಿ ಮ್ಯಾಲೆ ಕುಂದ್ರಸ್ತೀನಿ. ಸೌಂಡು ಇದಕ್ಕಿಂತ ಮಸ್ತ್ ಬರ್ತೈತಿ," ಅಂದನಂತೆ. ನಮ್ಮ ಕಡೆ ಲಾರಿ ಇರಲಿ, ಬೈಕ್ ಇರಲಿ, ಸದ್ದು ಜೋರಾದಷ್ಟೂ ಚೆಂದ. ಇವರೂ ಹೂಂ ಅಂದರು.

ಶನಿವಾರ ಸಂಜೆ ಕಾರು ತಂದು ಅಂಗಳದಲ್ಲಿ ನಿಲ್ಲಿಸಿದಾಗ ಇವರ ಮುಖ ನೋಡಬೇಕಿತ್ತು.

"ಕೇಳಿದ್ಯೇನು? ಹಳೇದಕ್ಕಿಂತ ಎಷ್ಟು ಜೋರು! ಅಕ್ಕಗ ಫೋನಿನ್ಯಾಗ ಅರ್ಧಂಬರ್ಧ ಕೇಳ್ತಿತ್ತು. ನಾಳೆ ಭಾಳ ಚೊಲೋ ಕೇಳ್ತೈತಿ ನೋಡು," ಅಂದರು.

ಭಾನುವಾರ ಬೆಳಿಗ್ಗೆ ಅವಳ ಫೋನು ಬಂತು. ಇವರು ಕೀಲಿ ತಿರುಗಿಸಿದರು. ಅಂಗಳವೇ ಅದುರಿತು. ಮುದ್ದಾಂ ಎರಡು ಸಲ ಆಕ್ಸಿಲರೇಟರ್ ಜಾಸ್ತಿ ಒತ್ತಿದರು, ಖುಷಿಗೆ. ಆರಿಸಿದರು. ಕೊನೆಯ ಪಟ್ ಪಟ್ ಬರಲಿಲ್ಲ. ನಾನು ಫೋನು ಕಿವಿಗಿಟ್ಟೆ.

"ವಾಡು ಕಾದಮ್ಮಾ," ಅಂದಳು.

ಅವನಲ್ಲ. ಅದಲ್ಲ ಅನ್ನಲಿಲ್ಲ, ಅವನಲ್ಲ ಅಂದಳು.

ಹಂಪು, ಸೈಲೆನ್ಸರ್, ಗ್ಯಾರೇಜು ಅಂತ ಏನೇನೋ ತೊದಲಿದೆ. ಅವಳು ಎಲ್ಲ ಕೇಳಿ, "ಪರವಾಗಿಲ್ಲ ತಲ್ಲಿ. ನಿಮ್ಮ ರಸ್ತೆಗೆ ತಕ್ಕ ಹಾಗೆ ಮಾಡಿಸಿದ್ದೀರಿ. ಕಾರು ನಿಮ್ಮದು," ಅಂದಳು. ತಿಂಡಿ ಏನು ಅಂತ ಕೇಳಲಿಲ್ಲ. ಫೋನು ಇಟ್ಟಳು.

ಇವರಿಗೆ ಹೇಳಿದೆ. ಸೀಟಿನ ಅಂಚಿನಲ್ಲಿ ಹಾಗೇ ಕೂತುಬಿಟ್ಟರು. ನನಗೆ ಬಾಯಿ ತುಂಬ ಬೈಯಬೇಕು ಅನಿಸಿತ್ತು. ಅಷ್ಟು ವರ್ಷ ಲಾರಿ ಗಾಡಿ ಅಂತ ಬದುಕಿದವರಿಗೆ ಇಷ್ಟು ತಿಳಿಯಬಾರದೇ? ಆದರೆ ಆ ಮುಖ ನೋಡಿದರೆ ಬೈಗುಳ ಬಾಯಿಗೆ ಬರಲಿಲ್ಲ.

ಅಂಗಿ ಹಾಕಿಕೊಂಡು ಮರಿಯಮ್ಮನಹಳ್ಳಿಗೆ ಓಡಿದರು. ಹಳೆಯ ಸೈಲೆನ್ಸರ್ ಕೊಡು, ಬೆಸುಗೆ ಹಾಕಿಸಿ ಅದನ್ನೇ ಕೂಡಿಸು ಅಂತ. ಅವನು ಅದನ್ನು ಗುಜರಿಗೆ ಹಾಕಿದ್ದ. ಗುಜರಿ ಅಂಗಡಿ ಹೊಸಪೇಟೆಯ ಬೈಪಾಸಿನಲ್ಲಿ. ಅಲ್ಲಿ ಕೇಳಿದರೆ ಲೋಡು ಕುರೆಕುಪ್ಪದ ಕಡೆ ಕಬ್ಬಿಣ ಕರಗಿಸುವ ಕುಲುಮೆಗೆ ಹೋಗಿದೆ ಅಂದರು. ಅಲ್ಲಿಗೂ ಹೋದರು. ಗೇಟಿನಲ್ಲಿದ್ದವನು, "ನಿನ್ನೆ ಬಂದ ಮಾಲು ನಿನ್ನೇನೇ ಕರಗಿ ಹೋಗೇತ್ರಿ," ಅಂದನಂತೆ.

ಹೊತ್ತು ಮುಳುಗುವಾಗ ಮನೆಗೆ ಬಂದರು. ತಲೆ, ಹುಬ್ಬು, ಕೊರಳು ಎಲ್ಲ ಕೆಂಪು ಧೂಳು. ಎಷ್ಟೋ ವರ್ಷದ ಮೇಲೆ ಅವರನ್ನು ಹಾಗೆ ನೋಡಿದೆ. ಮೆಟ್ಟಿಲ ಮೇಲೆ ಕೂತು, "ಆ ಹುಡುಗನ್ನ ನಾನೇ ಸುಟ್ಟಂಗಾತಲ್ಲೇ," ಅಂದರು. ಗಂಡ ಅತ್ತದ್ದನ್ನು ನಾನು ಅವರಪ್ಪ ತೀರಿಕೊಂಡಾಗ ನೋಡಿದ್ದೆ, ಮತ್ತೆ ಆ ದಿನ ನೋಡಿದೆ.

ಮುಂದಿನ ಭಾನುವಾರ ಅವಳ ಫೋನು ಬರಲಿಲ್ಲ. ಮಂಡಕ್ಕಿ ತಟ್ಟೆಯಲ್ಲಿ ಮೆತ್ತಗಾಯಿತು. ತಡೆಯಲಾರದೆ ನಾನೇ ಮಾಡಿದೆ. ಎತ್ತಿದ್ದು ಅವಳ ಗಂಡ. ನನಗೆ ದಿಗಿಲಾಯಿತು, ಗುಟ್ಟು ರಟ್ಟಾಯಿತು ಅಂತ.

"ನನಗೆ ಎಲ್ಲ ಗೊತ್ತಮ್ಮಾ," ಅಂದರು. "ಅವಳು ಭಾನುವಾರ ಅಡುಗೆಮನೆಯಲ್ಲಿ ಫೋನು ಹಿಡಿದು ನಿಂತಾಗ ನಾನು ಈಚೆ ಕೋಣೆಯಲ್ಲಿ ಪೇಪರು ಹಿಡಿದು ಕೂರುತ್ತಿದ್ದೆ. ಆ ಸದ್ದು ತಡೆಯಲಾರದೆ ಮಾರಿದವನು ನಾನು. ಆದರೂ ವಾರವೆಲ್ಲ ಕಾಯುತ್ತಿದ್ದೆ." ಆಮೇಲೆ ಕೇಳಿದರು, "ಅದು ಇನ್ನು ಬರುವುದೇ ಇಲ್ಲವಾ ಅಮ್ಮಾ?"

ಮುಂದಿನ ವಾರ ಫೋನು ಅಕ್ಕನಿಗೆ ಕೊಡಿ, ನಮ್ಮವರು ಒಂದು ಮಾತು ಆಡಬೇಕಂತೆ ಅಂದೆ.

ಇವರು ವಾರವೆಲ್ಲ ಆ ಒಂದು ಮಾತನ್ನು ತಯಾರು ಮಾಡಿದರು. ಲಾರಿಯ ದಿನಗಳಲ್ಲಿ ಕಲಿತ ಮುರುಕು ತೆಲುಗು. ತಪ್ಪಾಯಿತು ಅನ್ನುವುದು ಹೇಗೆ, ಕ್ಷಮಿಸಿ ಅನ್ನುವುದು ಹೇಗೆ ಅಂತ ಊಟಕ್ಕೆ ಕೂತಾಗೆಲ್ಲ ನನ್ನನ್ನು ಕೇಳಿದರು. ಭಾನುವಾರ ಬಂತು. ನಾನು ಫೋನಿನ ಸ್ಪೀಕರ್ ಹಾಕಿ ಕಾರಿನ ಪಕ್ಕ ಹಿಡಿದೆ. ಅವಳು ಹಲೋ ಅಂದಳು. ದನಿ ಸೋತು ಹೋಗಿತ್ತು. ಇವರು ಸೀಟಿನಲ್ಲಿ ಕೂತವರು ಬಾಯಿ ತೆರೆದರು, ಒಂದಕ್ಷರ ಹೊರಡಲಿಲ್ಲ. ಕಲಿತದ್ದೆಲ್ಲ ಮರೆತು ಹೋಗಿತ್ತು. ಏನೂ ತೋಚದೆ ಕೀಲಿ ತಿರುಗಿಸಿದರು. ಆ ಹಾಳು ಸದ್ದು ಎದ್ದಿತು. ಇವರು ತಟ್ಟನೆ ಆರಿಸಿದರು. ಕಾರಿನ ನೆತ್ತಿ ಹಿಡಿದುಕೊಂಡು, ಮೊಣಕಾಲು ಊರಿ, ಏದುಸಿರು ಬಿಡುತ್ತ ಹೊರಗೆ ಬಂದರು. ತಮ್ಮ ಮೇಲಿನ ಸಿಟ್ಟನ್ನೆಲ್ಲ ಕೈಗೆ ತಂದುಕೊಂಡು ಬಾಗಿಲನ್ನು ದೂಡಿದರು.

ಧಪ್.

"ವಚ್ಚಾಡು," ಅಂದಳು ಆ ಕಡೆಯಿಂದ.

ನನಗಲ್ಲ. ಮುಖ ತಿರುಗಿಸಿ, ಮನೆಯ ಒಳಗಡೆಗೆ, ಈಚೆ ಕೋಣೆಯಲ್ಲಿ ಕೂತವರಿಗೆ ಕೇಳುವ ಹಾಗೆ ಕೂಗಿದಳು. ಆ ದನಿ ನಾನು ಅಲ್ಲಿಯವರೆಗೆ ಕೇಳಿದ್ದ ದನಿಯಲ್ಲ. ಎಳೆಯ ಹೆಂಗಸಿನ ದನಿ. ಫೋನನ್ನು ಕಟ್ಟೆಯ ಮೇಲೆ ಇಟ್ಟ ಸದ್ದಾಯಿತು. ಸ್ಟೂಲು ಎಳೆದ ಸದ್ದು. ಅಟ್ಟದಿಂದ ಏನೋ ಭಾರದ್ದನ್ನು ಇಳಿಸಿದ ಸದ್ದು. ಆಮೇಲೆ ಗ್ಯಾಸ್ ಲೈಟರ್, ಟಕ್, ಟಕ್, ಟಕ್.

ಇಷ್ಟು ಭಾನುವಾರ ನಾವು ಅವಳಿಗೆ ಕಾರಿನ ಸದ್ದು ಕೇಳಿಸಿದ್ದೆವು. ಅವನು ಬೀದಿಯ ತಿರುವಿಗೆ ಬರುತ್ತಿದ್ದ, ಮನೆಯ ಮುಂದೆ ನಿಲ್ಲುತ್ತಿದ್ದ. ಒಮ್ಮೆಯೂ ಇಳಿದಿರಲಿಲ್ಲ.

ಒಲೆ ಹತ್ತಿಕೊಂಡಿರಬೇಕು. ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ. ಹೆಂಚು ಕಾಯುತ್ತಿದೆ ಅಂದುಕೊಂಡೆ. ಆಗ ನನಗೆ ಹೊಳೆಯಿತು, ಹೆಸರುಕಾಳು ನೆನೆಹಾಕಿಲ್ಲ, ಹಿಟ್ಟು ರುಬ್ಬಿಲ್ಲ, ಆ ಮನೆಯಲ್ಲಿ ಹೆಂಚಿಗೆ ಹಾಕಲು ಏನೂ ಇಲ್ಲ. ಅವಳಿಗೂ ಅದೇ ಹೊತ್ತಿಗೆ ನೆನಪಾಗಿರಬೇಕು. ಅವಳು ಅತ್ತಳು. ಅಷ್ಟು ದಿನ ತಡೆದದ್ದೆಲ್ಲ ಒಡೆದು ಹೋದ ಹಾಗೆ, ಬಾಯಿ ತೆರೆದು ಅತ್ತಳು. ಚಪ್ಪಲಿ ಎಳೆಯುತ್ತ ಯಾರೋ ಬಂದರು. ಒಲೆಯ ಗುಂಡಿ ತಿರುಗಿಸಿದ ಸದ್ದು ಕೇಳಿತು. ಆಮೇಲೆ ಆ ಹಿರಿಯರೂ ಅತ್ತರು.

ಇವರಿಗೆ ಏನೂ ಅರ್ಥವಾಗಿರಲಿಲ್ಲ. ಬಾಗಿಲು ಜೋರಾಗಿ ಹಾಕಿದ್ದೇ ತಪ್ಪಾಯಿತೇನೋ ಅಂತ ಗಾಬರಿಯಾಗಿ ಅದರ ಹಿಡಿಕೆಗೆ ಕೈ ಹಾಕಿದರು. ನಾನು ಆ ಕೈ ಹಿಡಿದುಕೊಂಡೆ.

"ಬ್ಯಾಡ್ರಿ, ತೆಗೀಬ್ಯಾಡ್ರಿ," ಅಂದೆ. "ಹುಡುಗ ಈಗ ಮನಿಗೆ ಬಂದಾನ."